ಎಚ್ಚರಿಕೆ ಬಾರದ ಬೆಳಗು

ಕನ್ನಡಕದಂಗಡಿಯ ಕೌಂಟರಿನಲ್ಲಿ ಕೂರುವವಳು ಮಾಲೀಕರ ಹೆಂಡತಿ. ಮಸೂರ ಎಷ್ಟು ಉಜ್ಜಬೇಕೆಂದು ಲೆಕ್ಕ ಹಾಕಿ ಹಿಂದಿನ ಕೋಣೆಯ ಯಂತ್ರಕ್ಕೆ ಕಳಿಸುವ ಪ್ರೋಗ್ರಾಮು ಅವಳ ಮೈದುನ ಪುಟ್ಟನ ಕೈಕೆಲಸ. ಪುಟ್ಟ ಅನ್ನುವುದು ಹೆಸರಿಗಷ್ಟೇ, ಮೀಸೆ ಆಗಲೇ ನರೆತಿದೆ. ಆ ಪ್ರೋಗ್ರಾಮು ತೆರೆದಾಗಲೆಲ್ಲ ಕಂಪ್ಯೂಟರ್ ಅಡ್ಡಗಾಲು ಹಾಕುತ್ತಿತ್ತು: 'ತಯಾರಿಸಿದವರು ಯಾರೋ ಗೊತ್ತಿಲ್ಲ. ಅಪಾಯವಾಗಬಹುದು.' ಓದುವ ಗೋಜಿಗೆ ಯಾರು ಹೋಗುತ್ತಾರೆ? 'ಹೆಚ್ಚಿನ ಮಾಹಿತಿ' ಒತ್ತು, 'ಆದರೂ ತೆರೆ' ಒತ್ತು. ಅಂಗಡಿಗೆ ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು.

ಹೋದ ವಾರ ಗಿರಾಕಿಯೊಬ್ಬ ಹೊಸ ಕನ್ನಡಕ ಏರಿಸಿಕೊಂಡ ಹುರುಪಿನಲ್ಲಿ ಆ ಎಚ್ಚರಿಕೆಯನ್ನು ಗಟ್ಟಿಯಾಗಿ ಓದಿಬಿಟ್ಟ. "ಏನಮ್ಮಾ, ನನ್ನ ಕಣ್ಣನ್ನ ಯಾರೋ ಗೊತ್ತಿಲ್ಲದವನ ಕೈಗೆ ಕೊಟ್ಟಿದ್ದೀರಾ?" ಎಂದವನು ಕನ್ನಡಕ ಬಿಚ್ಚಿಟ್ಟು ಹೊರಟೇಹೋದ.

ಮಾಲೀಕರ ಪಿತ್ತ ನೆತ್ತಿಗೇರಿತು. "ಸೋಮವಾರ ಆ ಎಚ್ಚರಿಕೆ ಮತ್ತೆ ಬರಲಿ, ನಿನ್ನ ಪ್ರೋಗ್ರಾಮು ಕಿತ್ತುಹಾಕಿ ಹೊರಗಿಂದ ಬೇರೆ ತರಿಸ್ತೀನಿ!" ಪುಟ್ಟ ತಲೆ ತಗ್ಗಿಸಿ ಹಿಂದಿನ ಕೋಣೆಗೆ ಹೋದ. ಅತ್ತಿಗೆಗೆ ಅವನದೇ ಚಿಂತೆ. ಕೆಲಸ ಕಳೆದುಕೊಂಡು ಬಂದು, ಊಟಕ್ಕೂ ಹೊರಗೆ ಬಾರದೆ ಕೋಣೆ ಸೇರಿದ್ದವನು ಮತ್ತೆ ಮನುಷ್ಯನಾದದ್ದೇ ಈ ಪ್ರೋಗ್ರಾಮು ಬರೆಯುತ್ತ. ಈಗ ಅದನ್ನೂ ಕಿತ್ತರೆ ಅವನು ಪುನಃ ಕದ ಹಾಕಿಕೊಳ್ಳುತ್ತಾನೆ.

ಸೋಮವಾರ ಗಂಡ ಕೈಕಟ್ಟಿ ಬೆನ್ನ ಹಿಂದೆಯೇ ನಿಂತಿದ್ದರು. ಅವಳು ಪ್ರೋಗ್ರಾಮಿನ ಗುರುತು ಒತ್ತಿದಳು. ಕೈ ಅಭ್ಯಾಸಬಲದಿಂದ 'ಹೆಚ್ಚಿನ ಮಾಹಿತಿ'ಯ ಜಾಗಕ್ಕೆ ಹೋಯಿತು. ಅಲ್ಲೇನೂ ಇರಲಿಲ್ಲ. ಪ್ರೋಗ್ರಾಮು ತಂತಾನೇ ತೆರೆದುಕೊಂಡಿತು.

"ಅಯ್ಯಯ್ಯೋ! ರೀ, ಇದ್ಯಾವುದೋ ಕಳ್ಳ ಪ್ರೋಗ್ರಾಮು! ನಮ್ಮದಾಗಿದ್ರೆ ಬೈಸಿಕೊಳ್ಳದೆ ತೆರೀತಿತ್ತಾ?" ಎಂದವಳೇ ಬಗ್ಗಿ ಪ್ಲಗ್ಗು ಕಿತ್ತಳು.

ಪುಟ್ಟ ಒಳಗಿನಿಂದ ಓಡಿಬಂದ. "ಅತ್ತಿಗೇ, ಅದು ನಮ್ಮದೇ! ಕಂಪ್ಯೂಟರ್ ನಂಬೋ ಕಂಪನಿಯೊಂದಕ್ಕೆ ಗುರುತಿನ ಚೀಟಿ ಕೊಟ್ಟು, ನಾನು ನಾನೇ ಅಂತ ಖಾತ್ರಿ ಮಾಡಿಸಿದೆ. ಈಗ ಪ್ರೋಗ್ರಾಮಿಗೆ ನನ್ನ ಸಹಿ ಇದೆ. ಕಂಪ್ಯೂಟರ್ ತಕರಾರು ಮಾಡಲ್ಲ. ಸಹಿ ಇರೋದನ್ನ ನಿನ್ನೆ ಹಾಕಿದೆ."

"ಹೇಳೋಕೆ ಬಾಯಿಗೇನಾಗಿತ್ತೋ ನಿಂಗೆ?"

"ಆಗತ್ತೋ ಇಲ್ವೋ ಅಂತ ಹೆದರಿಕೆ ಇತ್ತು ಅತ್ತಿಗೆ."

ಮತ್ತೆ ಪ್ಲಗ್ಗು ಹಾಕಿ, ಪ್ರೋಗ್ರಾಮಿನ ವಿವರ ತೆಗೆದು ತೋರಿಸಿದ. 'ತಯಾರಿಸಿದವರು' ಎಂಬುದರ ಮುಂದೆ ಅವನ ಪೂರ್ತಿ ಹೆಸರಿತ್ತು, ತೀರಿಕೊಂಡ ಅಪ್ಪನ ಹೆಸರಿನ ಸಮೇತ. ಅತ್ತಿಗೆ "ಅಬ್ಬಾ, ಬದುಕಿದೆ" ಎಂದು ಕುರ್ಚಿಗೆ ಒರಗಿದಳು. ಇಷ್ಟು ದಿನ ಈ ಹಾಳು ಕಂಪ್ಯೂಟರ್ ತನ್ನ ಮೈದುನನನ್ನೇ ಯಾರೋ ಏನೋ ಎಂದು ಹೀಗಳೆಯುತ್ತಿತ್ತಲ್ಲ ಎಂದು ಸಿಟ್ಟೂ ಬಂತು. ಮಾಲೀಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಂದು ಸಲ ಓದಿದರು.

ಅಷ್ಟರಲ್ಲಿ ದಿನದ ಮೊದಲ ಗಿರಾಕಿ ತಡವರಿಸುತ್ತ ಒಳಗೆ ಬಂದ. ಮಾಲೀಕರು ಪರದೆಯನ್ನು ಅವನ ಕಡೆ ತಿರುಗಿಸಿದರು. "ಸ್ವಲ್ಪ ಇದನ್ನ ಓದಿ ಸಾರ್."

"ಕನ್ನಡಕ ಒಡೆದೋಗಿದೆ ಸ್ವಾಮಿ, ಏನೂ ಕಾಣ್ತಿಲ್ಲ."

"ಪರವಾಗಿಲ್ಲ, ನಾನೇ ಓದ್ತೀನಿ ಕೇಳಿ," ಎಂದು ಮಾಲೀಕರು ತಮ್ಮನ ಹೆಸರನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದರು.