ಹೇಳಿಕೊಡಬಾರದ ಚಿಟ್ಟೆ

ಎಲ್ಲಿಂದ ಶುರು ಮಾಡಲಿ? ಹಿಮದಿಂದ ಅಂದುಕೊಂಡಿದ್ದೆ. ಆದರೆ ಹಿಮವನ್ನು ಫ್ರಿಜ್ಜಿನಲ್ಲಷ್ಟೇ ಕಂಡವಳು ನಾನು. (ಮೊದಲ ಡ್ರಾಫ್ಟ್ ಅಲ್ಲೇ ಹೆಪ್ಪುಗಟ್ಟಿತು.) ನಮ್ಮೂರು ವಾಮದಪದವಿನಿಂದ ಮಾಡುವ.

೨.
ನವರಾತ್ರಿ, ನಮ್ಮ ಮಾರ್ನೆಮಿ. ಸುರಕ್ಷಾ ಕಂದು ರೆಕ್ಕೆ ಕಟ್ಟಿಕೊಂಡು ಪೇಟೆಗಿಳಿದಳು. ಅಪ್ಪ ಏಳಲೆಂದು ಹೊತ್ತ ಹರಕೆಯ ವೇಷ. ಅವಳ ಅಪ್ಪ ಕಮಲಾಕ್ಷ ಹುಲಿವೇಷದಲ್ಲಿ ಲಾಗ ಹಾಕುವಾಗ ಬಿದ್ದವನು, ಮತ್ತೆ ಎದ್ದು ನಿಂತಿಲ್ಲ. ಒಮ್ಮೆ ಅವಳು ಅವನ ಹಾಸಿಗೆಯ ಪಕ್ಕ ಕೂತಿದ್ದಾಗ ಇಬ್ಬರೂ ಟಿವಿಯಲ್ಲಿ ಹಿಮದ ನಾಡಿನ ಕಂದು ಚಿಟ್ಟೆಯನ್ನು ನೋಡಿದ್ದರು. ಹುಳುವಾಗಿ ಎರಡು ಚಳಿಗಾಲ ಬಿದ್ದುಕೊಂಡಿರುತ್ತದಂತೆ, ಆಮೇಲೆ ಹಾರುತ್ತದಂತೆ. ಕಮಲಾಕ್ಷನಿಗೂ ಈಗ ಎರಡು ಚಳಿ ಕಳೆದಿದೆ. ಮಗಳು ಅವನಿಗೆ ಕಾಣದಂತೆ ರೆಕ್ಕೆ ಹೊಲಿದಳು.

ಅಜ್ಜಿ ಸರಸಮ್ಮನ ಕಟ್ಟಳೆ ಒಂದೇ: "ಯಾವ ವೇಷ ಅಂತ ನೀನು ಬಾಯಿ ಬಿಡ್ಲಿಕ್ಕಿಲ್ಲ. ನೋಡಿದವರು ಒಬ್ಬರಾದ್ರೂ ತಾವಾಗಿ ಹೇಳ್ಬೇಕು. ಇಲ್ಲದಿದ್ರೆ ಹರಕೆ ಸಂದ ಹಾಗಲ್ಲ."

(ನಿಮಗೆ ನಾನು ಹೇಳಿಬಿಟ್ಟೆ. ಹಾಗಾಗಿ ನೀವು ಲೆಕ್ಕಕ್ಕಿಲ್ಲ. ಬೇಸರ ಬೇಡ.)

೩.
ಅಂಗಡಿಯ ಹನೀಫಾ ಕೂಗಿದ: "ಬಾವಲಿಯಾ ಮಾರಾಯ್ತಿ? ತಲೆ ಮೇಲೆ ಮಾಡಿಕೊಂಡು ನಡೀತಾ ಉಂಟಲ್ಲ!"

ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಯಕ್ಷಗಾನದ ಮರುಳೊಬ್ಬ ಕೈಮುಗಿದೇ ಬಿಟ್ಟ: "ಜಟಾಯು!"

ಮಧ್ಯಾಹ್ನದೊಳಗೆ ಅವಳು ಕರಡಿಯಾದಳು, ಗಿಡುಗವಾದಳು, ಹರಿದ ಕೊಡೆಯೂ ಆದಳು.

೪.
ಸುರಕ್ಷಾ ವಾಕ್ಯದ ಮಧ್ಯದಲ್ಲೇ ನಿಂತು ನನ್ನ ಕಡೆ ತಿರುಗಿದಳು.

"ನೀವು ಬರೆಯುವವರಲ್ವಾ? ಈ ಚಿಟ್ಟೆ ಗೊತ್ತಿರುವ ಒಬ್ಬರನ್ನು ರಸ್ತೆಗೆ ಹಾಕ್ಲಿಕ್ಕೆ ನಿಮಗೆಂಥ ಕಷ್ಟ?"

ಹಾಕಿದೆ. ಮೂಡುಬಿದಿರೆಯ ಬಸ್ಸಿನಿಂದ ಕಾಲೇಜಿನ ಮೇಷ್ಟ್ರು ಅಬ್ದುಲ್ ರವೂಫ್ ಇಳಿದರು. ಕನ್ನಡಕ ಸರಿಮಾಡಿಕೊಂಡು, "ಆಹಾ, ಆರ್ಕ್ಟಿಕ್ಕಿನ..." ಅನ್ನುವಷ್ಟರಲ್ಲಿ ಅವಳೇ ತಡೆದು ನನಗೆ ಹೇಳಿದಳು.

"ಬೇಡ. ಇವರಿಗೆ ನೀವು ಹೇಳಿಕೊಟ್ಟದ್ದು."

"ಮತ್ತೆಂಥ ಮಾಡುವ?"

"ನನ್ನನ್ನು ಮನೆಗೆ ಮುಟ್ಟಿಸಿ. ಆಮೇಲೆ ಸುಮ್ಮನಿರಿ."

ಪಾಪ, ಮೇಷ್ಟ್ರನ್ನು ಅದೇ ಬಸ್ಸಿಗೆ ಹತ್ತಿಸಿದೆ.

೫. (ಇದೂ ಡ್ರಾಫ್ಟೇ ಇರಬಹುದು)
ಒಂದು ಅಂತ್ಯ: ಅಪ್ಪ ಎದ್ದು ನಿಂತ. (ಸಿನಿಮಾ.) ಇನ್ನೊಂದು: ಅಪ್ಪನಿಗೆ ನಿದ್ದೆ ಹತ್ತಿತ್ತು. (ನನ್ನಿಂದಾಗದು.)

ಈಗ ಅವಳು ಅಂಗಳದಲ್ಲಿದ್ದಾಳೆ. ಟಿವಿಯ ಆ ಚಿಟ್ಟೆ ಮೈ ಕಾಯಿಸಿಕೊಂಡಂತೆಯೇ ರೆಕ್ಕೆ ಮಡಚಿ, ಒಂದು ಬದಿಗೆ ವಾಲಿ, ಸಂಜೆಯ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದಾಳೆ. ಕಿಟಕಿಯೊಳಗೆ ಕಮಲಾಕ್ಷ ದಿಂಬಿನಿಂದ ತಲೆ ಎತ್ತಿದ. ನೋಡಿದ. ಇನ್ನೂ ನೋಡಿದ. ತುಟಿ ಅಲುಗಿತು.

ಸರಸಮ್ಮ ಬೆರಳು ತೋರಿಸಿದ್ದು ಮೊಮ್ಮಗಳ ಕಡೆಗಲ್ಲ, ನನ್ನ ಕಡೆಗೆ.

"ನೀವು ಬಾಯಿ ಬಿಡ್ಲಿಕ್ಕಿಲ್ಲ."

ಬಿಡುವುದಿಲ್ಲ.