ಅವಳನ್ನು ಕೇಳಿದ ಪ್ರಶ್ನೆ

ಅವಳನ್ನು ಮಲಗಿಸಿದ ತಳ್ಳುಗಾಡಿಯ ಗಾಲಿಯ ಕಿರುಗುಟ್ಟುವ ಸದ್ದು ಆಪರೇಷನ್ ಕೋಣೆಯ ಬಾಗಿಲಾಚೆ ಸಣ್ಣಗಾಗುತ್ತ ಹೋಯಿತು, ನಿಂತಿತೋ, ನನ್ನ ಕಿವಿಯೇ ಸೋತಿತೋ — ಗಂಟಲ ಗಡ್ಡೆಯೊಡನೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ, ಇನ್ನು ನನ್ನ ಹೆಂಡತಿ ಮಾತಾಡಲಾರಳು, ಜೀವ ಉಳಿದರೆ ಸಾಕೆಂದವನು ನಾನು, ಹೌದು, ನಾನೇ — ಸರ್ಕಾರಿ ಆಸ್ಪತ್ರೆಯೆಂದರೆ ಮಂಚದ ಕಾಲ್ದೆಸೆಯಲ್ಲಿ ನಿಂತು ತಮ್ಮತಮ್ಮಲ್ಲೇ ನುಡಿದು ಮುಂದೆ ಸಾಗುವ ಡಾಕ್ಟರುಗಳು ಎಂದುಕೊಂಡಿದ್ದೆ, ಈ ಡಾಕ್ಟರಮ್ಮ ಹಾಗಲ್ಲ, ಮೊನ್ನೆ ಸ್ಟೂಲು ಎಳೆದುಕೊಂಡು ಅವಳ ಮುಖದ ಮಟ್ಟಕ್ಕೆ ಕುಳಿತರು, ಈಗ ಇಲ್ಲಿ ಹೀಗೇ ಅಮ್ಮಾ, ಮೊದ್ಲು ರೋಗಿಯನ್ನೇ ಕೇಳ್ತೀವಿ, ಆಪರೇಷನ್ ಮಾಡಿದ್ರೆ ಗಡ್ಡೆ ಪೂರ್ತಿ ಹೋಗುತ್ತೆ, ಮಾತೂ ಹೋಗುತ್ತೆ, ರೇಡಿಯೇಷನ್ ಆದ್ರೆ ಮಾತು ಉಳೀಬಹುದು, ಗಡ್ಡೆ ತಿರುಗಿ ಬಂದ್ರೂ ಬರಬಹುದು, ನಿಮಗೇನು ಮುಖ್ಯ ಹೇಳಿ — ಎಂಥ ಒಪ್ಪವಾದ ಪ್ರಶ್ನೆ, ತಲೆದೂಗಿದೆ, ತಲೆದೂಗಿ ನಾನೇ ಉತ್ತರಿಸಿದೆ, ಬದುಕೋದೇ ಮುಖ್ಯ ಡಾಕ್ಟ್ರೇ, ತೆಗೆದುಬಿಡಿ, ಅವರನ್ನ ಕೇಳ್ತಿದ್ದೀನಿ ಸರ್, ಅಯ್ಯೋ, ಇವಳ ಮನಸ್ಸು ನನಗೆ ಗೊತ್ತಿಲ್ವೇ, ಮದುವೆಯಾದಾಗಿಂದ ನೋಡ್ತಿದ್ದೀನಿ — ಅವಳು ತೋರುಬೆರಳನ್ನೆತ್ತಿದಳು, ಸ್ವಲ್ಪ ತಾಳಿ ಎನ್ನುವಂತೆ, ತುಟಿ ಬಿಚ್ಚಿಕೊಂಡಿತು, ನಾನು ನಿಲ್ಲಿಸಲಿಲ್ಲ, ಬೆರಳು ಮೆಲ್ಲನೆ ಮಡಿಸಿಕೊಂಡಿತು, ಡಾಕ್ಟರಮ್ಮ ಮತ್ತೆ ಕೇಳಿದಾಗ ನನ್ನ ಮುಖ ನೋಡಿ, ಇವರು ಹೇಳಿದ ಹಾಗೇ ಆಗ್ಲಿ ಬಿಡಿ ಎಂದಳು — ಹಳೆಯ ಕಾವ್ಯಗಳಿಗೆ ಅರ್ಥ ಬರೆಯುತ್ತ ಸವೆದ ಬದುಕು ನನ್ನದು, ಮೂಲಪಾಠದ ಮೇಲೆ ಕೈಯಿಡಬಾರದು, ಕವಿ ನುಡಿಯದೆ ಬಿಟ್ಟದ್ದನ್ನು ತುಂಬಲು ನೀನಾರು ಎಂದು ಶಿಷ್ಯರನ್ನು ಗದರಿದವನು, ಮನೆಯಲ್ಲಿ ಮಾತ್ರ, ಹೇಗಿದ್ದೀರಿ ಎಂದು ನೆರೆಯವರು ಅವಳನ್ನು ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದವನು, ನನ್ನ ತಲೆನೋವಿಗೂ ಒಂದು ವ್ಯಾಖ್ಯಾನ ಬರೆದುಬಿಡಿ ಪಂಡಿತರೇ, ನಗುತ್ತಲೇ ಅನ್ನುತ್ತಿದ್ದಳು, ನಾನೂ ನಗುತ್ತಿದ್ದೆ, ನಕ್ಕು ಮತ್ತೆ ಬರೆಯಲು ಕೂರುತ್ತಿದ್ದೆ — ಬೆಂಚಿನ ಮೇಲೆ ಪಕ್ಕದಲ್ಲಿ ಮಗಳು, ಅಪ್ಪಾ, ಅಮ್ಮ ಏನೋ ಹೇಳೋಕೆ ಬಂದಿದ್ಲಲ್ಲ, ಆಮೇಲಾದ್ರೂ ಕೇಳಿದ್ರಾ, ಇಲ್ಲಮ್ಮಾ, ಧೈರ್ಯ ಹೇಳ್ತಿದ್ದೆ, ಪೂರ್ತಿ ಹೊತ್ತೂ ನೀವೇ ಹೇಳ್ತಿದ್ರಾ, ಹೂಂ, ನಾನೇ — ಮಗಳು ಮುಖ ತಿರುಗಿಸಿಕೊಂಡಳು, ತಾಯಿಯದೇ ಕತ್ತು — ಒಳಗೆ ಈಗ ಮಂಪರಿನ ಮದ್ದು ಕೊಟ್ಟಿರಬಹುದು, ಬಾಗಿಲು ಬಡಿಯಲೇ, ತಾಳಿ, ಅವಳನ್ನೇ ಇನ್ನೊಮ್ಮೆ ಕೇಳಿ ಎನ್ನಲೇ, ಯಾರ ಪರವಾಗಿ, ಮತ್ತೆ ಅವಳ ಪರವಾಗಿಯೇ — ಕಣ್ಣು ಮುಚ್ಚಿ ಕೈಜೋಡಿಸುತ್ತೇನೆ, ಭಗವಂತಾ, ಅವಳಿಗೆ ಬೇಕಾದದ್ದು ಇಷ್ಟೇ, ಅವಳು ನಿನ್ನಲ್ಲಿ ಬೇಡುವುದು — ಏನು ಬೇಡುತ್ತಾಳೆ, ನಿನ್ನೆದುರಿಗೂ ನಾನೇ ಬಾಯಿ ಹಾಕುತ್ತಿದ್ದೇನಲ್ಲ, ಅವಳು ಬೇಡುವುದು, ಅವಳು — ಸಾಲು ಮುಂದಕ್ಕೆ ಹೋಗದು, ಮುಚ್ಚಿದ ಕಣ್ಣೊಳಗೆ ಬಿಳಿಯ ಹೊದಿಕೆ, ಅದರ ಮೇಲೆ ಆ ಬೆರಳು ಏಳುತ್ತದೆ, ಮಡಿಸಿಕೊಳ್ಳುತ್ತದೆ, ಏಳುತ್ತದೆ, ಮಡಿಸಿಕೊಳ್ಳುತ್ತದೆ, ಏಳುತ್ತದೆ