ಬೀಗರೂಟದ ಮರುದಿನದ ಓಟ

ಬೀಗರೂಟದಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವರು ನಿಲ್ಲಿಸುವುದಿಲ್ಲ, ಇನ್ನೊಂದು ಸೌಟು ಹೆಚ್ಚಿಗೆ ಹಾಕುತ್ತಾರೆ. ಬೇಡ ಎಂದವರನ್ನು ಬಲವಂತ ಮಾಡಿ ಉಣಿಸದಿದ್ದರೆ ಅದು ಬೀಗತನವೇ ಅಲ್ಲ. ಉಣ್ಣಲು ಕೂತವರು ಎಲೆಯಲ್ಲಿ ಬಿಟ್ಟು ಎದ್ದರೆ ಆ ಮಾತು ಮೊಮ್ಮಕ್ಕಳ ಮದುವೆಯವರೆಗೂ ಉಳಿಯುತ್ತದೆ. ಕುಸುಮಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಶನಿವಾರ ಮಧ್ಯಾಹ್ನ, ಕೆಂಪಾಪುರದ ಪಕ್ಕದ ಹಳ್ಳಿಯಲ್ಲಿ ನಾದಿನಿ ಸಿರಿಯ ಹೊಸ ಅತ್ತೆಮನೆಯ ಶಾಮಿಯಾನದಡಿ ಕೂತು, ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

ಸಿರಿಯ ಅತ್ತೆ ಸರಸಮ್ಮ ಬಡಿಸುವವನ ಕೈಯಿಂದ ಬಕೆಟ್ಟು ಕಸಿದುಕೊಂಡು ತಾವೇ ಬಂದರು. ಮುದ್ದೆ, ಬೋಟಿ ಗೊಜ್ಜು, ಕೈಮಾ ಉಂಡೆ ಆಗಲೇ ಎಲೆ ತುಂಬಿದ್ದವು.

"ನಾಳೆ ರೇಸ್ ಐತೆ ಅತ್ತೆಮ್ಮ, ಒಸಿ ಕಮ್ಮಿ ಹಾಕಿ."

"ರೇಸ್ ಇದ್ರೆ ಇನ್ನೂ ಜಾಸ್ತಿ ಉಣ್ಬೇಕು ಕಣವ್ವ. ನಮ್ಮನೆ ಟಗರು ಉಂಡೋರು ಯಾರೂ ನಡ್ಕಂಡ್ ಹೋಗಿಲ್ಲ, ಓಡ್ಕಂಡೇ ಹೋಗವ್ರೆ," ಎಂದು ಸರಸಮ್ಮ ಎರಡು ಸೌಟು ಸುರಿದರು. ಸಾಲಿನಲ್ಲಿ ಕೂತವರೆಲ್ಲ ನಕ್ಕರು.

ಕುಸುಮ ಹೆಣ್ಣಿನ ಕಡೆಯ ಹಿರಿಸೊಸೆ. ಎಲ್ಲರ ಕಣ್ಣೂ ಅವಳ ಎಲೆಯ ಮೇಲಿತ್ತು. ಸಿರಿ ಆ ಮನೆಗೆ ಬಂದು ವಾರವಷ್ಟೇ ಆಗಿತ್ತು. ಹೊಸ ಸೊಸೆಯ ತವರಿನವರು ಊಟಕ್ಕೆ ಮೂಗು ಮುರಿದರು ಎಂಬ ಮಾತು ಬಂದರೆ ಅದನ್ನು ದಿನಾ ಕೇಳಬೇಕಾದವಳು ಅವಳು. ಕುಸುಮ ತಲೆ ತಗ್ಗಿಸಿ, ಎಲೆ ತೊಳೆದಂತೆ ಆಗುವವರೆಗೂ ಉಂಡಳು.

ಮರುದಿನದ ರೇಸ್ ಅಂದರೆ ಹುಡುಗಾಟವಲ್ಲ. ಚನ್ನಪಟ್ಟಣದ ಹತ್ತಿರ ಕಣ್ವ ಜಲಾಶಯದಲ್ಲಿ ಎರಡು ಕಿಲೋಮೀಟರು ಈಜು, ಅಲ್ಲಿಂದ ಮಾಗಡಿ ಸುತ್ತಿಕೊಂಡು ರಾಮನಗರಕ್ಕೆ ತೊಂಬತ್ತು ಕಿಲೋಮೀಟರು ಸೈಕಲ್ಲು, ಇಳಿದ ಮೇಲೆ ಇಪ್ಪತ್ತೊಂದು ಕಿಲೋಮೀಟರು ಓಟ. ಎಲ್ಲವೂ ಮಧ್ಯಾಹ್ನ ಮೂರರೊಳಗೆ ಮುಗಿಯಬೇಕು. ತಡವಾದರೆ ಮುಗಿಸಿದ ಲೆಕ್ಕವಿಲ್ಲ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವ ಕುಸುಮ ಎರಡು ವರ್ಷದಿಂದ ಇದಕ್ಕೇ ತಯಾರಾಗಿದ್ದಳು. ಗಂಡ ಕನಕರಾಜು ಬೆಳಿಗ್ಗೆ ಕುರಿ ಬಿಚ್ಚುವ ಮೊದಲು ಮಕ್ಕಳಿಗೆ ಜಡೆ ಹಾಕುವುದನ್ನು ಕಲಿತಿದ್ದ. ಊರವರು ಮೊದಲು ನಕ್ಕರು, ಆಮೇಲೆ ಅಭ್ಯಾಸವಾಗಿ ನಗುವುದನ್ನು ಬಿಟ್ಟರು.

ಭಾನುವಾರ ಬೆಳಕು ಹರಿಯುವಾಗ ನೀರಿಗಿಳಿದಳು. ನೀರು ಅವಳಿಗೆ ಹೊಸದಲ್ಲ. ದೊಡ್ಡಆಲಹಳ್ಳಿಯ ತವರಿನಲ್ಲಿ ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವಳು. ಹೊಟ್ಟೆ ಕಲ್ಲು ಕಟ್ಟಿದಂತಿದ್ದರೂ ಕೈ ಸರಾಗವಾಗಿ ನಡೆಯಿತು, ಅರ್ಧಕ್ಕಿಂತ ಹೆಚ್ಚು ಜನರನ್ನು ಹಿಂದೆ ಹಾಕಿ ದಡ ಹತ್ತಿದಳು.

ಕಷ್ಟ ಶುರುವಾದದ್ದು ಸೈಕಲ್ಲಿನ ಮೇಲೆ. ಮುಂದಕ್ಕೆ ಬಗ್ಗಿ ಕೂತರೆ ಹೊಟ್ಟೆ ಮಡಿಚಿಕೊಳ್ಳುತ್ತದೆ, ಒಳಗಿದ್ದ ಟಗರು ಅಲ್ಲಿಂದಲೇ ಗುದ್ದತೊಡಗಿತು. ಶಕ್ತಿಗೆಂದು ಇಟ್ಟುಕೊಂಡಿದ್ದ ಸಿಹಿ ಅಂಟಿನ ಪೊಟ್ಟಣ ಹರಿದು ಬಾಯಿಗೆ ಹಾಕಿದಳು. ಅದು ಹೋದ ದಾರಿಯಲ್ಲೇ ವಾಪಸ್ಸು ಬಂತು. ಮಾಗಡಿ ಇನ್ನೂ ದೂರವಿರುವಾಗ ಹೊಟ್ಟೆ ನುಲಿದು, ಬೆವರು ತಣ್ಣಗಾಯಿತು. ಒಂದು ಹಳ್ಳಿಯ ಹಾಲಿನ ಡೇರಿ ಮುಂದೆ ಸೈಕಲ್ಲು ಒರಗಿಸಿ, ಕ್ಯಾನು ತೊಳೆಯುತ್ತಿದ್ದ ಮನುಷ್ಯನನ್ನು ಕೇಳಿದಳು. ಅವನು ಏನೂ ವಿಚಾರಿಸದೆ ಹಿಂದಿನ ಪಾಯಿಖಾನೆಯ ಕಡೆ ಕೈ ತೋರಿಸಿದ. ಹೊರಗೆ ಬಂದಾಗ ಮಾತ್ರ, ಅಷ್ಟರಲ್ಲಿ ಸೈಕಲ್ಲಿನಲ್ಲಿ ದಾಟಿಹೋದ ಮೂವರೂ ಗಂಡಸರು, ಅವರಲ್ಲಿ ಯಾರೂ ನಿಲ್ಲಲಿಲ್ಲ ಎಂದ. ಅವಳು, ಅವರಿಗೆ ಬೀಗರಿಲ್ಲ ಅಣ್ಣ ಅಂದು ಸೈಕಲ್ಲು ಹತ್ತಿದಳು. ಮುಂದೆ ಇನ್ನೂ ಎರಡು ಕಡೆ ನಿಲ್ಲಬೇಕಾಯಿತು. ನೀರಿನಲ್ಲಿ ಗಳಿಸಿದ್ದೆಲ್ಲ ಹೀಗೆ ಕೈಬಿಟ್ಟಿತು.

ರಾಮನಗರದಲ್ಲಿ ಸೈಕಲ್ಲು ಇಡುವ ಜಾಗದ ಹಗ್ಗದಾಚೆ ಎರಡೂ ಮನೆಯವರು ಕಾದು ನಿಂತಿದ್ದರು: ಕನಕರಾಜು, ಅವನ ತಾಯಿ ಬೀರಮ್ಮ, ಸಿರಿ, ಸರಸಮ್ಮ. ಸರಸಮ್ಮ ಮದುವೆಯ ರೇಷ್ಮೆ ಸೀರೆಯನ್ನೇ ಉಟ್ಟು ಬಂದಿದ್ದರು. ಅವರ ಕಣ್ಣೆದುರೇ ಕುಸುಮ ಕಂಬ ಹಿಡಿದು ವಾಂತಿ ಮಾಡಿಕೊಂಡಳು.

ಅಲ್ಲಿದ್ದ ಡಾಕ್ಟರು ಇಕ್ರಾ ಎಂಬ ಹುಡುಗಿ. ಕುಸುಮಳನ್ನು ಕುರ್ಚಿಯಲ್ಲಿ ಕೂರಿಸಿ ನಾಡಿ ಹಿಡಿದಳು. ನಾಲಿಗೆ ನೋಡಿದಳು. ಆಮೇಲೆ ಎಲ್ಲ ಡಾಕ್ಟರೂ ಕೇಳುವುದನ್ನೇ ಕೇಳಿದಳು.

"ನಿನ್ನೆ ಏನು ಊಟ ಮಾಡಿದ್ರಿ ಅಕ್ಕ?"

ಹಗ್ಗದಾಚೆ ಎಲ್ಲರಿಗೂ ಅದು ಕೇಳಿಸಿತು. ಬೀರಮ್ಮನ ಬಾಯಿಗೆ ಬೀಗವಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು. ಸೊಸೆಯ ಮೇಲೆ ಜೀವ ಬೇರೆ. ಬೀರಮ್ಮ ಸರಸಮ್ಮನ ಕಡೆ ತಿರುಗಿ, ಆಗಲೇ ಉಸಿರು ಎಳೆದುಕೊಂಡಿದ್ದಳು. ಸಿರಿಯ ಮುಖ ಬಿಳಿಚಿಕೊಂಡಿತ್ತು. ಕುಸುಮ ಈಗ ನಿಜ ಹೇಳಿ ರೇಸ್ ಬಿಟ್ಟು ಕೂತರೆ, ಬೀಗರ ಬಾಡು ಉಂಡು ಸೊಸೆ ಬಿದ್ದಳು ಎಂದು ಬೀರಮ್ಮ ಇಲ್ಲೇ ಅಂದೇಬಿಡುತ್ತಾಳೆ. ಸರಸಮ್ಮ ಸುಮ್ಮನೆ ಕೇಳಿಸಿಕೊಳ್ಳುವ ಹೆಂಗಸಲ್ಲ. ಎರಡು ಮನೆಯ ನಡುವೆ ಹೊಸದಾಗಿ ಹಾಕಿದ ಗಂಟು ಈ ಕಂಬದ ಹತ್ತಿರವೇ ಬಿಚ್ಚಿಹೋಗುತ್ತದೆ.

"ಊಟದ್ದಲ್ಲ ಡಾಕ್ಟ್ರೇ," ಎಂದಳು ಕುಸುಮ, ಹಗ್ಗದಾಚೆಗೂ ಕೇಳುವ ಹಾಗೆ. "ಈಜೋವಾಗ ಡ್ಯಾಮ್ ನೀರು ಕುಡುದ್ಬುಟ್ಟೆ."

ಇಕ್ರಾ ಅವಳ ಮುಖ ನೋಡಿದಳು, ರೇಷ್ಮೆ ಸೀರೆಯ ಕಡೆ ನೋಡಿದಳು, ಮತ್ತೇನೂ ಕೇಳಲಿಲ್ಲ. ತಲೆ ಸುತ್ತುತ್ತಿಲ್ಲ, ನಾಡಿ ಸರಿಯಿದೆ, ಹೋಗಬಹುದು ಎಂದಳು. ಆ ಸಿಹಿ ಅಂಟಿನ ಪೊಟ್ಟಣ ಮುಟ್ಟಬಾರದು; ಉಪ್ಪು ಸಕ್ಕರೆಯ ನೀರನ್ನು ಒಂದೊಂದೇ ಗುಟುಕು, ಅದೂ ನಡೆಯುತ್ತಾ. ಇನ್ನೊಂದು ಸಲ ವಾಂತಿಯಾದರೆ, ಇಲ್ಲ ಕಣ್ಣು ಮಂಜಾದರೆ, ತಾನೇ ಬಂದು ರೇಸಿನ ನಂಬರು ಬಿಚ್ಚಿ ಓಟ ನಿಲ್ಲಿಸುತ್ತೇನೆ ಎಂದೂ ಹೇಳಿದಳು.

ಬೀರಮ್ಮ ಎಳೆದುಕೊಂಡಿದ್ದ ಉಸಿರನ್ನು ಹಾಗೇ ಬಿಟ್ಟಳು. ಡ್ಯಾಮಿನ ನೀರಿಗೆ ಯಾರನ್ನು ಬೈಯುವುದು?

ಓಟ ಅಂದರೆ ಬಂಡೆಬೆಟ್ಟಗಳ ಬುಡದ ರಸ್ತೆ, ಹೋಗಿ ಬಂದು, ಮತ್ತೆ ಹೋಗಿ ಬರುವುದು. ಬಿಸಿಲು ಕಲ್ಲಿಗೆ ಬಡಿದು ವಾಪಸ್ಸು ಮುಖಕ್ಕೆ ಬರುತ್ತಿತ್ತು. ಕುಸುಮ ಕುರಿಮಂದೆ ಹೊಡೆಯುವ ಮನೆಯವಳು. ಬಳಲಿದ ಮಂದೆಯನ್ನು ಅಟ್ಟಬಾರದು, ನಿಲ್ಲಲೂ ಬಿಡಬಾರದು ಎಂಬುದು ಗೊತ್ತು. ಹೊಟ್ಟೆಯನ್ನೂ ಹಾಗೇ ನಡೆಸಿದಳು. ಏರಿನಲ್ಲಿ ನಡಿಗೆ, ಒಂದು ಗುಟುಕು. ಇಳಿಜಾರಿನಲ್ಲಿ ಸಣ್ಣ ಓಟ. ಹೊಟ್ಟೆ ನುಲಿದಾಗ ನಿಧಾನಿಸಿ, ಬಿಟ್ಟಾಗ ಕಾಲು ಎತ್ತಿ ಹಾಕಿದಳು. ಜತೆಗೆ ಹೊರಟವರು ದಾಟಿಹೋದರು. ಅವರ ಬೆನ್ನನ್ನು ನೋಡುವುದೇ ಬೇಡ ಎಂದು ರಸ್ತೆಯ ಬಿಳಿ ಗೆರೆಯನ್ನು ನೋಡಿಕೊಂಡು ಹೋದಳು. ಕೊನೆಯ ಸುತ್ತಿಗೆ ತಿರುಗುವಾಗ, ಎರಡು ಗುಟುಕು ನೀರು ಒಳಗೇ ಉಳಿದದ್ದು ತಿಳಿಯಿತು. ಆಮೇಲೆ ಮೂರು. ಬೆನ್ನು ತಾನಾಗಿ ನೆಟ್ಟಗಾಯಿತು. ಮುಂದೆ ಕುಂಟುತ್ತಿದ್ದ ಇಬ್ಬರನ್ನು ದಾಟಿದಳು, ಆಮೇಲೆ ಇನ್ನೊಬ್ಬನನ್ನು. ಅವನು ಬೆಳಿಗ್ಗೆ ಡೇರಿ ಮುಂದೆ ನಿಲ್ಲದೆ ಹೋದವರಲ್ಲಿ ಒಬ್ಬನೇ ಇರಬೇಕು ಅಂದುಕೊಂಡಾಗ ನಗುವೂ ಬಂತು.

ಓಟ ಮುಗಿಯುವ ಮೈದಾನದ ಒಳಗೆ ಕಾಲಿಡುವಾಗ ದೊಡ್ಡ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೈಕಿನವನು, ಕನಕಪುರ ಸೀಮೆಯಿಂದ ಈ ರೇಸ್ ಮುಗಿಸುತ್ತಿರುವ ಮೊದಲ ಹೆಂಗಸು ಎಂದು ಅವಳ ಹೆಸರು ಕೂಗಿದ. ಕುಸುಮ ಗೆರೆ ದಾಟಿದಳು. ಬೀಳಲಿಲ್ಲ. ಎರಡು ಕಾಲಿನ ಮೇಲೆ ಗಟ್ಟಿಯಾಗಿ ನಿಂತು, ಪದಕಕ್ಕೆ ಕೊರಳು ಒಡ್ಡಿದಳು. ಹಗ್ಗ ಹಾರಿ ಬಂದ ಕನಕರಾಜು ಅವಳ ಕೈಯ ನೀರಿನ ಬಾಟಲಿ ಇಸಿದುಕೊಂಡು, ಅದನ್ನೇ ಒರೆಸುತ್ತಾ ನಿಂತ.

ಅಷ್ಟರಲ್ಲಿ ಸರಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಜನರನ್ನು ಸರಿಸಿಕೊಂಡು ಬಂದರು. ಗುರುತಿದ್ದವರಿಗೂ ಇಲ್ಲದವರಿಗೂ ಸಾರುತ್ತಿದ್ದರು: "ನಮ್ಮ ಸೊಸೆ ಅತ್ಗೆ ಕಣ್ರಪ್ಪ ಇವ್ಳು. ನೆನ್ನೆ ನಮ್ಮನೇಲಿ ಟಗರಿನ ಬಾಡು ಉಂಡ್ಳು, ಇವತ್ತು ನೋಡಿ."

ಬೀರಮ್ಮನ ಮುಖ ಕೆಂಪಾಯಿತು. ಕುಸುಮ ಅತ್ತೆಯ ಕೈ ಹಿಡಿದು ಮೆಲ್ಲಗೆ ಅದುಮಿದಳು.

"ಊಂ ಕಣತ್ತೆಮ್ಮ," ಎಂದಳು ಸರಸಮ್ಮನಿಗೆ. "ಅದರ ಬಲ ಇಲ್ಲಿಗಂಟ ಇತ್ತು."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸಿರಿ ಅತ್ತಿಗೆಯ ಭುಜಕ್ಕೆ ಮುಖವಿಟ್ಟು ಅಳುತ್ತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು. ಸರಸಮ್ಮ ಪದಕವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು, ನೇರ ಮಾಡಿ ಕುಸುಮಳ ಎದೆಯ ಮೇಲೆ ಬಿಟ್ಟರು. ಹಾಗೆ ಬಗ್ಗಿದವರು ಅವಳ ಕಿವಿಯ ಹತ್ತಿರ, ಇನ್ನೊಬ್ಬರಿಗೆ ಕೇಳದಂತೆ ಅಂದರು:

"ಆ ಡ್ಯಾಮ್ ನೀರಲ್ಲಿ ಕೈಮಾ ಉಂಡೆ ತೇಲ್ತಿತ್ತೇನವ್ವ? ಆ ಕಂಬದತ್ರ ನಾನೂ ನೋಡ್ದೆ ಕಣೆ."

ಕುಸುಮ ಏನೋ ಹೇಳಲು ಬಾಯಿ ತೆರೆದಳು.

"ಸುಮ್ಕಿರು. ನನ್ ಸೊಸೆ ಮಾನ ಉಳಿಸ್ದೆ, ನನ್ ಮಾನಾನೂ ಉಳಿಸ್ದೆ. ಮುಂದ್ಲ ಸಲ ರೇಸಿನ ಹಿಂದ್ಲ ದಿನ ನೀನು ಬತ್ತೀನಿ ಅಂದ್ರೂ ನಾನು ಬಾಗ್ಲು ತಗ್ಯಾಕಿಲ್ಲ."

ಅಂದು, ನೆಟ್ಟಗೆ ನಿಂತು, ಕುಸುಮಳ ತೋಳು ಹಿಡಿದು, ಇನ್ನೂ ನೋಡದವರು ಯಾರಾದರೂ ಉಳಿದಿದ್ದರೆ ಅವರಿಗೂ ತೋರಿಸಲೆಂದು ಮೈದಾನದ ತುಂಬ ನಡೆಸಿಕೊಂಡು ಹೊರಟರು.